ಸೌಮ್ಯ ಹೊಗೆಗಂಪಿನ ಪೈಪ್ ಹೊಗೆಸೊಪ್ಪು ಮಳೆಗಾಲದಲ್ಲಿ ಮಸಿಯಂತೆ ಕಹಿಯಾಗುತ್ತಿದೆ: ದೋಷ ಮಿಶ್ರಣದ್ದೋ ನನ್ನದೋ?

ಜಗಲಿಮೂಲೆ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿರುವ ನನ್ನ ಭಾವನವರು ಒಂದೇ ಮಿಶ್ರಣದ ಎರಡು ಡಬ್ಬಿ ಪೈಪ್ ಹೊಗೆಸೊಪ್ಪನ್ನು ತರಿಸಿಕೊಂಡು, 50 ಗ್ರಾಂ ತೂಕದ ಒಂದನ್ನು ಹೋದ ತಿಂಗಳು ಊರಿಗೆ ಬಂದಾಗ ನನಗೆ ಕೊಟ್ಟು ಹೋದರು. ವರ್ಜೀನಿಯಾ ಮತ್ತು ಓರಿಯೆಂಟಲ್ ಎಲೆಗಳಿಗೆ, ಹೊಗೆಯುಣಿಸಿದ ಲಟಾಕಿಯಾ ಎಲೆಯನ್ನು ತುಸುವೇ ಬೆರೆಸಿದ ಸೌಮ್ಯ ಮಿಶ್ರಣವೆಂದು ಡಬ್ಬಿಯ ಮೇಲೆ ಬರೆದಿದೆ. ಭಾವನವರು ಹೇಳುವಂತೆ ಅದರಲ್ಲಿ ಒಣಹುಲ್ಲಿನ ಸಿಹಿಯೇ ಮುಂದಾಗಿದ್ದು, ಹೊಗೆಗಂಪು ಇದೆಯೋ ಇಲ್ಲವೋ ಎಂದು ಹುಡುಕಬೇಕಾಗುತ್ತದೆ. ನನಗಾದರೋ ಮೊದಲ ಎಳೆತದಿಂದಲೇ ಒಲೆಯ ಮಸಿ ನೆಕ್ಕಿದಂತಹ ಕಹಿ ಬರುತ್ತದೆ, ಪೈಪಿನಲ್ಲಿ ಸೊಪ್ಪು ತುಂಬುವ ಬಟ್ಟಲು ಅರ್ಧಕ್ಕಿಳಿಯುವಷ್ಟರಲ್ಲಿ ನಾಲಿಗೆಯ ತುದಿ ಚುರುಗುಡುತ್ತದೆ, ಕೊನೆಯಲ್ಲಿ ಪೈಪಿನ ಕೊಳವೆಯೊಳಗೆ ನೀರು ಗೊಳಗೊಳ ಎನ್ನುತ್ತದೆ. ಒಂದು ಬಟ್ಟಲು ಮುಗಿಸಲು ಎಂಟು ಸಲ ಕಡ್ಡಿ ಗೀರಿದ್ದೂ ಉಂಟು. ಇದರ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದಿದ್ದೇನೆ. ಆದರೆ ಒಂದೇ ಸರಕು ಅವರಿಗೆ ಸೌಮ್ಯವೂ ನನಗೆ ಮಸಿಯೂ ಆಗಿರುವಾಗ ಯಾವುದನ್ನು ನಂಬಿ ಬರೆಯಲಿ?

ಹಳೆಪೈಪು, ಸಾಗರ

ತಾವು ಹೇಳಿದ ಮೂರು ತೊಂದರೆಗಳಲ್ಲಿ ನಾಲಿಗೆಯ ಉರಿಗೂ ಗೊಳಗೊಳ ಸದ್ದಿಗೂ ಮೂಲ ಒಂದೇ ಇರಬಹುದು, ಮಸಿಯ ಕಹಿಗೆ ಬೇರೆ ಇರಬಹುದು. ತೀರ್ಮಾನಕ್ಕೆ ಬರುವ ಮೊದಲು ಕೆಲವು ಸಂಗತಿಗಳನ್ನು ತಿಳಿಸಿ. ಡಬ್ಬಿ ತೆರೆದ ಮೇಲೆ ಸೊಪ್ಪನ್ನು ಎಲ್ಲಿ ಇಟ್ಟಿದ್ದೀರಿ, ಸೇದುವ ಮೊದಲು ಒಣಗಿಸಿದ್ದೀರೋ, ಒಣಗಿಸಿದ್ದರೆ ಎಲ್ಲಿ? ಪೈಪಿನಲ್ಲಿ ಹಿಂದೆ ಯಾವ ಸೊಪ್ಪು ಸೇದುತ್ತಿದ್ದಿರಿ? ದಿನದ ಯಾವ ಹೊತ್ತಿನಲ್ಲಿ, ಯಾವುದರ ಬೆನ್ನಿಗೆ ಸೇದುತ್ತೀರಿ?

ಜಗಲಿಮೂಲೆ, ತೀರ್ಥಹಳ್ಳಿ

ಮುಚ್ಚಿಡದೆ ಹೇಳುತ್ತೇನೆ. ನಮ್ಮ ಮನೆ ಆಗುಂಬೆಯ ಕಡೆಗೆ ಹೋಗುವ ದಾರಿಯಲ್ಲಿದೆ. ಪುನರ್ವಸು ಮಳೆ ಹಿಡಿದ ಮೇಲೆ ಇಲ್ಲಿ ಒಗೆದ ಪಂಚೆ ನಾಲ್ಕು ದಿನವಾದರೂ ಒಣಗುವುದಿಲ್ಲ. ಡಬ್ಬಿಯ ಮುಚ್ಚಳವೂ ಬಿಗಿಯಿಲ್ಲದ್ದರಿಂದ ವಾರದೊಳಗೆ ಸೊಪ್ಪು ಒದ್ದೆ ಬಟ್ಟೆಯ ಹಾಗೆ ಮೆತ್ತಗಾಯಿತು. ಹಾಗಾಗಿ ಅರ್ಧ ಸೊಪ್ಪನ್ನು ತಟ್ಟೆಯಲ್ಲಿ ಹರಡಿ, ಬಚ್ಚಲಿನ ಹಂಡೆ ಒಲೆಯ ಮೇಲಿನ ಅಟ್ಟದಲ್ಲಿ ಎರಡು ರಾತ್ರಿ ಇಟ್ಟಿದ್ದೆ. ಅದೇ ಅಟ್ಟದಲ್ಲಿ, ಅಡಿಗೆಗೆ ಹುಳಿಯಾಗಿ ಬಳಸುವ ಉಪ್ಪಾಗೆ ಸಿಪ್ಪೆಯೂ ಒಣಗುತ್ತಿತ್ತು. ಉಳಿದರ್ಧ ಡಬ್ಬಿಯಲ್ಲೇ ಒದ್ದೆಯಾಗಿ ಉಳಿದಿದೆ. ಎರಡನ್ನೂ ಸೇದಿ ನೋಡಿದ್ದೇನೆ. ಅಟ್ಟದ್ದು ಕಹಿ, ಡಬ್ಬಿಯದ್ದು ಉರಿ.

ನನ್ನಲ್ಲಿರುವುದು ಬ್ರಯರ್ ಮರದ ಒಂದೇ ಪೈಪು. ಅದರಲ್ಲಿ ಎರಡು ವರ್ಷ ಚೆರ್ರಿ ಪರಿಮಳ ಬೆರೆಸಿದ ಸೊಪ್ಪನ್ನು ಸೇದಿದ್ದೇನೆ. ಹೊತ್ತು ಎಂದರೆ ಮಧ್ಯಾಹ್ನದ ಊಟ ಮುಗಿದು, ಕವಳ ಹಾಕಿ ಉಗಿದು, ಜಗಲಿಯಲ್ಲಿ ಕುಳಿತ ಮೇಲೆ.

ಹಳೆಪೈಪು, ಸಾಗರ

ಅಟ್ಟ ಎಂದಿರಲ್ಲ, ಅರ್ಧ ಉತ್ತರ ಅಲ್ಲೇ ಇದೆ. ಲಟಾಕಿಯಾ ಎಂಬುದು ಸಿರಿಯಾದ ಒಂದು ಬಂದರಿನ ಹೆಸರು, ಆದರೆ ಇಂದು ಆ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ಸೈಪ್ರಸ್‌ ಬಗೆಯ ಎಲೆ. ಬಿಸಿಲಿನಲ್ಲಿ ಒಣಗಿಸಿದ ಸಣ್ಣ ಎಲೆಯನ್ನು ಮುಚ್ಚಿದ ಮನೆಯಲ್ಲಿ ತೂಗುಹಾಕಿ, ಪೈನ್, ಓಕ್ ಮುಂತಾದ ಮರಗಳನ್ನೂ ಪರಿಮಳದ ಪೊದೆಗಳನ್ನೂ ಸುಟ್ಟ ಹೊಗೆಯನ್ನು ವಾರಗಟ್ಟಲೆ ಉಣಿಸುತ್ತಾರೆ. ಎಲೆ ಕಪ್ಪಾಗುವುದು ಅದರಿಂದಲೇ. ಮರದಲ್ಲಿರುವ ಲಿಗ್ನಿನ್ ಬೆಂದು ಒಡೆದಾಗ ಹುಟ್ಟುವ ಗುಯಾಕಾಲ್ ಮತ್ತು ಅದರ ಬಳಗದ ಫೀನಾಲ್‌ಗಳೇ ಆ ವಾಸನೆಯ ಜೀವ. ತಮ್ಮ ಹಂಡೆ ಒಲೆಯ ಹೊಗೆಯಲ್ಲಿಯೂ ಅವೇ ಇರುತ್ತವೆ. ಉಪ್ಪಾಗೆ ಸಿಪ್ಪೆ ಕಪ್ಪಾಗಿ, ಹುಳಿಯೊಂದಿಗೆ ಹೊಗೆಯ ಘಾಟನ್ನೂ ಹಿಡಿಯುವುದು ಯಾವ ಕ್ರಿಯೆಯಿಂದಲೋ ತಾವು ತಮ್ಮ ಸೊಪ್ಪಿಗೆ ಮಾಡಿದ್ದೂ ಅದನ್ನೇ. ಸೈಪ್ರಸ್‌ನವರು ಅಳೆದು ಹಾಕಿದ ಹೊಗೆಯ ಮೇಲೆ ತೀರ್ಥಹಳ್ಳಿಯ ಹೊಗೆ ಅಳತೆಯಿಲ್ಲದೆ ಕೂತಿದೆ. ಲಟಾಕಿಯಾ ತೀರ ಕಡಿಮೆ ಇರುವ ಮಿಶ್ರಣಕ್ಕೆ ಇದು ಸಣ್ಣ ಏಟಲ್ಲ.

ಬ್ಯಾರನ್ ಹುಡುಗ, ಶಿವಮೊಗ್ಗ

ನಾನು ಪಿರಿಯಾಪಟ್ಟಣದ ಕಡೆಯವನು, ಕೆಲಸದ ನಿಮಿತ್ತ ಇಲ್ಲಿದ್ದೇನೆ. ಪೈಪ್ ಸೇದುವವನಲ್ಲ, ಆದರೆ ಎಲೆ ಬೇಯಿಸುವುದನ್ನು ಹುಟ್ಟಿನಿಂದ ನೋಡಿದ್ದೇನೆ. ನಮ್ಮ ಕಡೆ ಬೆಳೆಯುವ ವರ್ಜೀನಿಯಾ ತಂಬಾಕನ್ನು ಬ್ಯಾರನ್ ಎಂಬ ಎಲೆ ಬೇಯಿಸುವ ಮನೆಯಲ್ಲಿ ಹದ ಮಾಡುವಾಗ ಸೌದೆ ಉರಿಯುತ್ತದೆಯಾದರೂ ಅದರ ಹೊಗೆ ತಗಡಿನ ಕೊಳವೆಯೊಳಗೇ ಹರಿದು ಹೊರಗೆ ಹೋಗುತ್ತದೆ, ಎಲೆಗೆ ತಾಗುವುದು ಕೊಳವೆಯ ಕಾವು ಮಾತ್ರ. ಮೊದಲು 35 ಡಿಗ್ರಿಯ ಆಸುಪಾಸಿನಲ್ಲಿ ಎಲೆ ಹಳದಿಗೆ ತಿರುಗಬೇಕು, ಆಮೇಲೆ ಹಂತಹಂತವಾಗಿ ಕಾವು ಏರಿಸಿ, ಕೊನೆಗೆ 70 ಡಿಗ್ರಿಯ ಹತ್ತಿರ ನರ ಒಣಗಬೇಕು. ಒಟ್ಟು ಆರೇಳು ದಿನದ ಕೆಲಸ. ಕೊಳವೆಯಲ್ಲಿ ಎಲ್ಲಾದರೂ ತೂತು ಬಿದ್ದು ಹೊಗೆ ಒಳನುಗ್ಗಿದರೆ ಆ ಎಲೆಗೆ ಹರಾಜಿನಲ್ಲಿ ಬೆಲೆ ಬೀಳುತ್ತದೆ. ಆದ್ದರಿಂದ ನಿಮ್ಮ ಮಿಶ್ರಣದ ವರ್ಜೀನಿಯಾದಿಂದ ಹೊಗೆಯ ವಾಸನೆ ಬರಲು ಕಾರಣವೇ ಇಲ್ಲ. ಹಳದಿ ಎಳೆಗಳನ್ನಷ್ಟೇ ಆರಿಸಿ ಮೂಸಿ ನೋಡಿ. ಅವೂ ಹೊಗೆ ನಾತ ಹೊಡೆದರೆ ಅದು ಅಟ್ಟದ ಹೊಗೆ.

ಜಗಲಿಮೂಲೆ, ತೀರ್ಥಹಳ್ಳಿ

ಕನ್ನಡಕ ಹಾಕಿಕೊಂಡು, ಬಿಳಿ ಕಾಗದದ ಮೇಲೆ, ಅಟ್ಟದ ಪಾಲಿನಿಂದ ಇಪ್ಪತ್ತು ಹಳದಿ ಎಳೆಗಳನ್ನು ಚಿಮಟದಲ್ಲಿ ಆರಿಸಿದೆ. ಎಲ್ಲವೂ ಉಪ್ಪಾಗೆಯ ವಾಸನೆ. ಡಬ್ಬಿಯಲ್ಲಿದ್ದ ಪಾಲಿನ ಹಳದಿ ಎಳೆಗಳಲ್ಲಿ ಒಣದ್ರಾಕ್ಷಿಯ ತೆಳುವಾದ ಸಿಹಿ ಇದೆ, ಜೊತೆಗಿದ್ದ ಕಪ್ಪೆಲೆಯ ಸೋಂಕು ಒಂದಿಷ್ಟು ತಗಲಿದ್ದರೂ ಮಸಿ ಎನ್ನುವಂಥದ್ದಿಲ್ಲ. ಕಹಿಗೆ ಕಾರಣ ಸಿಕ್ಕಿತು. ಆದರೆ ಉರಿಯುವ ಒದ್ದೆ ಪಾಲನ್ನು ಒಣಗಿಸುವುದೆಲ್ಲಿ? ಬಿಸಿಲನ್ನು ನಾವು ನೋಡಿ ಮೂರು ವಾರವಾಯಿತು.

ಕಾಫಿ ಗಿಡದ ಕೆಳಗೆ, ಕೊಪ್ಪ

ಉಪ್ಪಿನ ಡಬ್ಬಿಗೆ ಹಾಕುವಂತೆ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಕಟ್ಟಿ ಜೊತೆಯಲ್ಲಿಡಬಹುದಲ್ಲವೇ?

ಹಳೆಪೈಪು, ಸಾಗರ

ಇಡಬಹುದು, ಆದರೆ ಹುರಿದ ಅಕ್ಕಿಗೆ ತನ್ನದೇ ಪರಿಮಳವಿದೆ. ಹೊಗೆ ಬಿಡಿಸಿ ಹುರಿಗಾಳು ಹತ್ತಿಸಿದಂತಾಗುತ್ತದೆ. ಕ್ಯಾಮೆರಾದವರು ಬಳಸುವ ಸಿಲಿಕಾ ಜೆಲ್ ತನ್ನಿ. ಬಣ್ಣ ಬದಲಿಸುವ ನೀಲಿ ಹರಳಿನಲ್ಲಿ ಕೋಬಾಲ್ಟ್ ಇರುವುದರಿಂದ ಬಿಳಿಯದನ್ನೇ ಕೇಳಿ, ಕಾಗದದ ಪೊಟ್ಟಣದಲ್ಲಿ ಕಟ್ಟಿ ಸೊಪ್ಪಿಗೆ ತಾಗದಂತೆ ಗಾಜಿನ ಭರಣಿಯ ಮೂಲೆಯಲ್ಲಿಡಿ.

ಎಷ್ಟು ಒಣಗಿಸಬೇಕೆಂಬುದು ಇದಕ್ಕಿಂತ ಮುಖ್ಯ. ಪೈಪ್ ಸೊಪ್ಪಿನಲ್ಲಿ ನೂರಕ್ಕೆ ಹದಿಮೂರರ ಆಸುಪಾಸು ತೇವವಿದ್ದರೆ ಅದು ನಿಧಾನವಾಗಿ, ತಣ್ಣಗೆ ಉರಿಯುತ್ತದೆ. ತೇವ ಇಪ್ಪತ್ತಕ್ಕೇರಿದಾಗ ಕೆಂಡದ ಶಕ್ತಿಯಲ್ಲಿ ಒಂದು ಪಾಲು ನೀರು ಕುದಿಸುವುದಕ್ಕೆ ವ್ಯಯವಾಗಿ ಸೊಪ್ಪು ಸರಿಯಾಗಿ ಉರಿಯುವುದಿಲ್ಲ. ನಾವು ಜೋರಾಗಿ ಎಳೆಯುತ್ತೇವೆ, ಬಿಸಿ ಆವಿ ನಾಲಿಗೆಯನ್ನು ಬೇಯಿಸುತ್ತದೆ, ಅದೇ ಆವಿ ತಣ್ಣನೆಯ ಕೊಳವೆಯಲ್ಲಿ ನೀರಾಗಿ ಗೊಳಗೊಳ ಎನ್ನುತ್ತದೆ. ತಮ್ಮ ಉರಿ, ಸದ್ದು, ಎಂಟು ಕಡ್ಡಿ ಮೂರಕ್ಕೂ ಇದೇ ಕಾರಣವೆಂದು ನನ್ನ ಅಂದಾಜು. ಚಿನ್ನ ತೂಗುವಂತಹ ಸಣ್ಣ ತಕ್ಕಡಿ ಇದ್ದರೆ ಲೆಕ್ಕ ಸುಲಭ. 2 ಗ್ರಾಂ ಸೊಪ್ಪನ್ನು ಓವನ್ನಿನಲ್ಲಿ 100 ಡಿಗ್ರಿಯ ಹತ್ತಿರ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ ಬಿಸಾಡಿ. ಅದು 1.6 ಗ್ರಾಮಿಗೆ ನಿಂತರೆ ತೇವ ನೂರಕ್ಕೆ ಇಪ್ಪತ್ತು ಎಂದು ತಿಳಿಯಿರಿ. ಪರಿಮಳದ ಎಣ್ಣೆಗಳೂ ತುಸು ಹಾರುವುದರಿಂದ ಲೆಕ್ಕ ಕೂದಲೆಳೆಯಷ್ಟು ಹೆಚ್ಚು ತೋರಿಸುತ್ತದೆ, ಚಿಂತೆಯಿಲ್ಲ. ಹಾಗಾದರೆ 10 ಗ್ರಾಂ ಸೊಪ್ಪಿನಲ್ಲಿ ಒಣ ಭಾಗ 8 ಗ್ರಾಂ ಇರುತ್ತದೆ. ಭರಣಿಯಲ್ಲಿಟ್ಟ 10 ಗ್ರಾಂ 9.2ಕ್ಕೆ ಇಳಿದಾಗ ತೇವ ಹದಿಮೂರಕ್ಕೆ ಬಂದಿರುತ್ತದೆ, ಆಗ ಜೆಲ್ ತೆಗೆದುಬಿಡಿ. ತಕ್ಕಡಿ ಇಲ್ಲದಿದ್ದರೆ ಚಿಟಿಕೆ ಸೊಪ್ಪನ್ನು ಬೆರಳಿನಲ್ಲಿ ಒತ್ತಿ ಬಿಡಿ: ಮುದ್ದೆಯಾಗಿ ಉಳಿದರೆ ಒದ್ದೆ, ಪುಡಿಯಾದರೆ ಅತಿಯಾಯಿತು, ಮೆಲ್ಲಗೆ ಬಿಚ್ಚಿಕೊಂಡರೆ ಹದ.

ಪೈಪನ್ನೂ ಮರೆಯಬೇಡಿ. ಎರಡು ವರ್ಷದ ಚೆರ್ರಿ ಬ್ರಯರಿನ ಗೋಡೆಯಲ್ಲಿ ಕೂತಿರುತ್ತದೆ. ಬಟ್ಟಲಿಗೆ ಹತ್ತಿ ತುಂಬಿ, ಕುಡಿಯುವ ದರ್ಜೆಯ ಗಟ್ಟಿ ಮದ್ಯದಿಂದ ತೋಯಿಸಿ ಒಂದು ರಾತ್ರಿ ಬಿಟ್ಟರೆ ಹತ್ತಿ ಕಂದು ಬಣ್ಣಕ್ಕೆ ತಿರುಗಿ ಬಹುಪಾಲು ವಾಸನೆಯನ್ನು ಎಳೆದುಕೊಳ್ಳುತ್ತದೆ. ಆಮೇಲೆ ಎರಡು ಮೂರು ದಿನ ಪೈಪು ಒಣಗಲಿ, ಆದರೆ ದಯವಿಟ್ಟು ಅಟ್ಟದಲ್ಲಿ ಬೇಡ.

ಕಾಫಿ ಗಿಡದ ಕೆಳಗೆ, ಕೊಪ್ಪ

ನನ್ನ ಅಕ್ಕಿಯ ಸಲಹೆ ಬಿದ್ದುಹೋಯಿತು, ಕವಳದ ಬಗ್ಗೆ ಹೇಳುವುದಾದರೂ ನಿಲ್ಲುತ್ತದೆ ಎಂದುಕೊಳ್ಳುತ್ತೇನೆ. ಅಡಿಕೆಯ ಚೊಗರು ನಾಲಿಗೆಯನ್ನು ಒಗರಾಗಿಸಿ ಒಣಗಿಸುತ್ತದೆ, ಸುಣ್ಣ ಅದರ ತೆಳುಪದರವನ್ನು ಸುಡುತ್ತದೆ. ಆ ಬಾಯಿಗೆ ಬಿಸಿ ಹೊಗೆ ಬಿದ್ದರೆ ಚುರುಗುಡದೆ ಇನ್ನೇನಾದೀತು? ಅಂತಹ ನಾಲಿಗೆ ಓರಿಯೆಂಟಲ್ ಎಲೆಯ ನವಿರಾದ ಹುಳಿಯನ್ನು ಗುರುತಿಸುವುದು ದೂರದ ಮಾತು. ರುಚಿ ನೋಡುವ ದಿನ ಬೆಳಗಿನ ತಿಂಡಿಯಾಗಿ ಎರಡು ಗಂಟೆ ಕಳೆದ ಮೇಲೆ, ಕಾಫಿ ಕವಳ ಎರಡನ್ನೂ ಬಿಟ್ಟು, ಬರೀ ನೀರು ಕುಡಿದು ಕುಳಿತುಕೊಳ್ಳಿ. ಇನ್ನೊಂದು ಮಾತನ್ನು ಕಿರಿಕಿರಿ ಎಂದುಕೊಳ್ಳಬೇಡಿ. ಹೊಗೆಯನ್ನು ಎದೆಗಿಳಿಸದಿದ್ದರೂ ಪೈಪು ಬಾಯಿಯ ಕ್ಯಾನ್ಸರಿಗೆ ದಾರಿ ಮಾಡುತ್ತದೆ, ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಖಚಿತವಾಗಿರುವಾಗ ಎರಡನ್ನೂ ಒಂದೇ ಬಾಯಿಗೆ ಹಾಕುವವರಿಗೆ ಅಪಾಯ ಹೆಚ್ಚು. ಉರಿ ಎರಡು ವಾರದಲ್ಲಿ ಹೋಗದಿದ್ದರೆ, ಅಥವಾ ಬಿಳಿ ಮಚ್ಚೆ ಕಂಡರೆ, ನಮ್ಮನ್ನು ಕೇಳದೆ ದಂತವೈದ್ಯರಿಗೆ ತೋರಿಸಿ.

ಹಳೆಪೈಪು, ಸಾಗರ

ಕೊಪ್ಪದವರ ಮಾತನ್ನು ನಾನೂ ಅನುಮೋದಿಸುತ್ತೇನೆ. ಬೆಂಕಿ ಹಚ್ಚುವಾಗ ಕಡ್ಡಿಯ ತಲೆಯ ಮದ್ದು ಪೂರ್ತಿ ಉರಿದು, ಜ್ವಾಲೆ ಕಡ್ಡಿಗೆ ಇಳಿದ ಮೇಲಷ್ಟೇ ಬಟ್ಟಲಿನ ಬಳಿಗೆ ತನ್ನಿ, ಇಲ್ಲದಿದ್ದರೆ ಗಂಧಕವನ್ನೇ ಹೊಗೆಗಂಪೆಂದು ಬರೆದುಬಿಡುವ ಸಂಭವವುಂಟು. ಎಳೆತ ನಿಮಿಷಕ್ಕೆ ಎರಡು ಮೂರು ಸಾಕು. ಪ್ರತಿ ನಾಲ್ಕೈದು ಎಳೆತಕ್ಕೊಮ್ಮೆ ಬಾಯಲ್ಲಿರುವ ಹೊಗೆಯಲ್ಲಿ ಸ್ವಲ್ಪವನ್ನು ಎದೆಗೆ ಎಳೆಯದೆ ಮೂಗಿನಿಂದ ಹೊರಬಿಡಿ. ಸಿಹಿ, ಹುಳಿ, ಉಪ್ಪು, ಕಹಿಯಂಥವಷ್ಟೇ ನಾಲಿಗೆಯ ಪಾಲು. ಹೊಗೆಗಂಪು, ಒಣದ್ರಾಕ್ಷಿ, ಚರ್ಮದ ವಾಸನೆ ಇವೆಲ್ಲ ಮೂಗಿನವು.

ಮನೆಯೊಳಗೆ ತೀರ್ಪು ಕೊಡಬೇಡಿ ಎಂಬುದು ನನ್ನ ಕೊನೆಯ ಮಾತು. ದಿನವಿಡೀ ಒಲೆ ಉರಿಯುವ ಮನೆಯಲ್ಲಿರುವ ಮೂಗು ಹೊಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದನ್ನೇ ಬಿಟ್ಟಿರುತ್ತದೆ. ಹಾಗಾಗಿ ಹೊಗೆ ಹೆಚ್ಚಾಗಿದ್ದಾಗ ಬರೀ ಕಹಿ ತಿಳಿಯುತ್ತದೆ, ಕಡಿಮೆ ಇದ್ದಾಗ ಏನೂ ತಿಳಿಯುವುದಿಲ್ಲ. ಅರ್ಧ ಗಂಟೆ ತೋಟದ ಕಡೆ ತಿರುಗಾಡಿ ಬಂದು, ಒಲೆಯಿಂದ ದೂರದ ಜಾಗದಲ್ಲಿ ಕುಳಿತುಕೊಳ್ಳಿ.

ಜಗಲಿಮೂಲೆ, ತೀರ್ಥಹಳ್ಳಿ

ಹನ್ನೆರಡು ದಿನಗಳ ಮೇಲೆ ವರದಿ ಒಪ್ಪಿಸುತ್ತಿದ್ದೇನೆ. ಒದ್ದೆ ಪಾಲಿನ 2 ಗ್ರಾಂ 1.58ಕ್ಕೆ ನಿಂತಿತು, ಅಂದರೆ ತೇವ ನೂರಕ್ಕೆ ಇಪ್ಪತ್ತೊಂದು. ಸಿಲಿಕಾ ಜೆಲ್ಲಿನೊಡನೆ ಭರಣಿಯಲ್ಲಿಟ್ಟ 10 ಗ್ರಾಂ ಒಂದೂವರೆ ದಿನಕ್ಕೆ 9.1ಕ್ಕೆ ಬಂತು.

ಸೇದುವ ಮೊದಲು ಮೂಗಿನ ಪರೀಕ್ಷೆಯೊಂದನ್ನು ಮಾಡಿಕೊಂಡೆ. ತಮ್ಮನ ಮಗನನ್ನು ಕರೆದು, ಮೂರು ಲೋಟಗಳಲ್ಲಿ ಎರಡಕ್ಕೆ ಒಂದು ಪಾಲು, ಮೂರನೆಯದಕ್ಕೆ ಇನ್ನೊಂದು ಪಾಲು ಹಾಕಿ, ಬಟ್ಟೆ ಮುಚ್ಚಿ, ಬೇರೆಯಾಗಿರುವುದು ಯಾವುದೆಂದು ನನ್ನನ್ನು ಕೇಳಲು ಹೇಳಿದೆ. ಬಚ್ಚಲಿನ ಪಕ್ಕದಲ್ಲಿ ಕುಳಿತು ಮೂಸಿದಾಗ ಆರರಲ್ಲಿ ಎರಡು ಸರಿಯಾಯಿತು, ಅಂದರೆ ಕಣ್ಣು ಮುಚ್ಚಿ ಊಹಿಸಿದವನಷ್ಟೇ. ತೋಟ ಸುತ್ತಿ ಬಂದು ಕೊಟ್ಟಿಗೆಯಾಚೆಯ ಮಾಡಿನ ಕೆಳಗೆ ಕುಳಿತಾಗ ಆರಕ್ಕೆ ಆರೂ ಸರಿಯಾಯಿತು. ಹುಡುಗ ಮೊದಲ ಸುತ್ತಿನಲ್ಲಿ ನಕ್ಕಿದ್ದನ್ನು ಇನ್ನೂ ಮರೆತಿಲ್ಲ.

ಆಮೇಲೆ ಬೆಳಗಿನ ಹತ್ತೂವರೆಗೆ, ಬರೀ ನೀರು ಕುಡಿದು, ಹದವಾದ ಪಾಲನ್ನು ಸೇದಿದೆ. ಮೂರು ಕಡ್ಡಿ ಸಾಕಾಯಿತು, ಕೊಳವೆ ಸದ್ದು ಮಾಡಲಿಲ್ಲ. ಮೊದಲ ಕಾಲು ಭಾಗದಲ್ಲಿ ಹೊಗೆಗಂಪೇ ಇರಲಿಲ್ಲ. ಗದ್ದೆ ಕೊಯ್ದು ಎರಡು ದಿನವಾದ ಹುಲ್ಲಿನ ಸಿಹಿ, ಅದರ ಹಿಂದೆ ಓರಿಯೆಂಟಲ್ ಎಲೆಯ ಹುಳಿ. ಅರ್ಧದ ಹತ್ತಿರ, ಮೂಗಿನಿಂದ ಬಿಟ್ಟಾಗ ಮಾತ್ರ, ಲಟಾಕಿಯಾ ಬಂತು. ಒಲೆಯ ಹೊಗೆಗಿಂತ ತಂಪು, ಹಳೆಯ ಚರ್ಮದ ಚೀಲ ತೆರೆದಂತೆ, ತುಸು ರಾಳದ ಸುಳಿವೂ ಇತ್ತು. ಮುಕ್ಕಾಲು ದಾಟಿದ ಮೇಲೆ ರುಚಿ ತೆಳುವಾಯಿತು, ಕೊನೆಗೆ ಬೂದಿಯಂತಾಯಿತು. ಆದ್ದರಿಂದ ಭಾವನವರು ಸೌಮ್ಯ ಎಂದದ್ದು ನಿಜವಾದರೂ ಅವರಷ್ಟು ಹೊಗಳಲು ನನಗೆ ಮನಸ್ಸಿಲ್ಲ. ಮಧ್ಯಭಾಗ ಚೆನ್ನಾಗಿದೆ, ಕೊನೆಯಲ್ಲಿ ಕಸುವಿಲ್ಲ. ಲಟಾಕಿಯಾವನ್ನು ಇನ್ನೊಂದು ಚಿಟಿಕೆ ಹಾಕಿದ್ದರೆ ತಪ್ಪಾಗುತ್ತಿರಲಿಲ್ಲ. ಚೆರ್ರಿಯ ನೆರಳು ಪೈಪಿನಲ್ಲಿ ಒಂದಿಷ್ಟು ಉಳಿದಿರುವುದರಿಂದ ಸಿಹಿಯ ಬಗ್ಗೆ ನನ್ನ ಮಾತನ್ನು ಸ್ವಲ್ಪ ಕಡಿತ ಮಾಡಿ ಓದಿಕೊಳ್ಳಬೇಕು.

ಅಟ್ಟ ಸೇರಿದ ಅರ್ಧವನ್ನು ಸರಿಪಡಿಸುವ ಉಪಾಯವೇನಾದರೂ ಇದೆಯೇ?

ಹಳೆಪೈಪು, ಸಾಗರ

ಇಲ್ಲ. ವರ್ಷಗಟ್ಟಲೆ ಮುಚ್ಚಿಟ್ಟರೆ ಹೊಗೆಯ ಮೊನೆ ಮೊಂಡಾಗಬಹುದು, ಆದರೆ ಲಟಾಕಿಯಾದ್ದೂ ಅದರ ಜೊತೆಗೇ ಮೊಂಡಾಗುತ್ತದೆ. ಅದನ್ನು ಒಳ್ಳೆಯ ಪಾಲಿನ ಹತ್ತಿರವೂ ಇಡಬೇಡಿ.

ಜಗಲಿಮೂಲೆ, ತೀರ್ಥಹಳ್ಳಿ

ಹಾಗೆಯೇ ಮಾಡಿದೆ. ಬೇರೆ ಭರಣಿಗೆ ಹಾಕಿ, ‘ಉಪ್ಪಾಗೆ’ ಎಂದು ಚೀಟಿ ಅಂಟಿಸಿದ್ದೇನೆ. ಸಾರಿಗೆ ಹಾಕಿಬಿಟ್ಟಾರು ಎಂದು ಮನೆಯವರು ಚೀಟಿ ಬದಲಿಸಲು ಹೇಳುತ್ತಿದ್ದಾರೆ.