ಕಿಡ್ನಿ ಕಸಿ ಆದಮೇಲೆ ಏರಿದ ತೂಕ ಇಳಿಸಿದ್ದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು, ತುಮಕೂರು

ನನ್ನ ತಮ್ಮನಿಗೆ 36 ವರ್ಷ. ಅಮ್ಮ ಕೊಟ್ಟ ಕಿಡ್ನಿ ಹಾಕಿ ವರ್ಷ ಆಗುತ್ತ ಬಂತು. ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, 1.2 ಇದೆ, ಅದರ ಚಿಂತೆ ಇಲ್ಲ. ಆದರೆ ಡಯಾಲಿಸಿಸ್ ಕಾಲದಲ್ಲಿ 58 ಕೆ.ಜಿ. ಇದ್ದವನು ಈಗ 72. ಮುಖ ದುಂಡಗಾಗಿದೆ, ಶುಗರ್ ಗಡಿಗೆ ಬಂದು ನಿಂತಿದೆ. ತೂಕ ಇಳಿಸಿ ಅಂತ ಡಾಕ್ಟರ್ ಹೇಳಿದರು. ಮನೆಗೆ ಬಂದವರೆಲ್ಲ ಒಂದೊಂದು ಹೇಳುತ್ತಾರೆ. ಅನ್ನ, ರೊಟ್ಟಿ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಕೀಟೋ ಮಾಡು, ಬಿಂಬುಳಿ ಕಾಯಿಯ ಹುಳಿ ಜ್ಯೂಸ್ ಕುಡಿ, ಒಂದು ಹೊತ್ತು ಉಪವಾಸ ಇರು. ನೀವೆಲ್ಲ ಏನು ಮಾಡಿದಿರಿ?

ಕಸಿ ಮಾಡಿಸಿಕೊಂಡವರು, ಮೈಸೂರು

ಅಕ್ಕ, ಮೊದಲು ತಮ್ಮನನ್ನು ಬೈಯಬೇಡಿ. ಇದು ಬಾಯಿಚಪಲ ಅಲ್ಲ. ವೈಸೋಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ ತಗೊಳ್ಳುವವರ ಹಸಿವೇ ಬೇರೆ. ಉಂಡು ಕೈ ತೊಳೆದು ಬರುವಷ್ಟರಲ್ಲಿ ಹೊಟ್ಟೆ ಮತ್ತೆ ಕೇಳುತ್ತದೆ. ಡಯಾಲಿಸಿಸ್‌ನಲ್ಲಿದ್ದಾಗ ಎಳನೀರು, ಬಾಳೆಹಣ್ಣು ದೂರ, ಕುಡಿಯುವ ನೀರಿಗೂ ಲೆಕ್ಕ. ಕಸಿ ಆದಮೇಲೆ ನಾಲಿಗೆಗೆ ರುಚಿ ವಾಪಸ್ ಬರುತ್ತದೆ, ಕಟ್ಟುಪಾಡೂ ಸಡಿಲ ಆಗುತ್ತದೆ. ತಿನ್ನದೆ ಇರುವುದು ಕಷ್ಟ ಅಲ್ವಾ?

ಹಾಗಂತ ಸ್ಟೀರಾಯ್ಡ್ ಮಾತ್ರೆಯನ್ನು ನಾವಾಗಿ ಕಮ್ಮಿ ಮಾಡಲೇಬಾರದು. ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬಿದ್ದರೆ ಅಮ್ಮ ಕೊಟ್ಟದ್ದೇ ಹೋಗಿಬಿಡಬಹುದು. ಡೋಸ್ ಇಳಿಸುವುದು ಡಾಕ್ಟರ್ ಕೆಲಸ.

ನನ್ನ ಊಟವನ್ನು ಹದಕ್ಕೆ ತಂದದ್ದು ಮಾತ್ರೆಯ ಹೊತ್ತು. ದೇಹ ಹೊಸ ಕಿಡ್ನಿಯ ಮೇಲೆ ತಿರುಗಿಬೀಳದಂತೆ ತಡೆಯುವ ಮಾತ್ರೆ, ಟ್ಯಾಕ್ರೋಲಿಮಸ್, 12 ಗಂಟೆಗೊಮ್ಮೆ. ಊಟಕ್ಕೆ ಒಂದು ಗಂಟೆ ಮುಂಚೆ, ಇಲ್ಲವೇ ಊಟವಾಗಿ ಎರಡು ಗಂಟೆ ಬಿಟ್ಟು ತಗೊಳ್ಳಿ ಅಂತ ನನಗೆ ಹೇಳಿದ್ದರು. ನನ್ನದು ಬೆಳಗ್ಗೆ 8, ರಾತ್ರಿ 8. ಹಾಗಾಗಿ 9ಕ್ಕೆ ತಿಂಡಿ, ಸಂಜೆ 6ರೊಳಗೆ ರಾತ್ರಿ ಊಟ ಮುಗಿಸುತ್ತೇನೆ. ಟಿವಿ ಮುಂದೆ ಕೂತು ಚಕ್ಕುಲಿ, ನಿಪ್ಪಟ್ಟು ಮುರಿಯುವುದು ತಾನಾಗೇ ನಿಂತಿತು. ಹತ್ತು ಗಂಟೆಗೆ ಹಸಿವಾದರೆ ಮನೆಯ ಮಜ್ಜಿಗೆ, ಉಪ್ಪಿಲ್ಲದೆ.

ತಟ್ಟೆಯಲ್ಲಿ ಮೊದಲು ಪಲ್ಯ ಬೀಳಬೇಕು, ಅರ್ಧ ತಟ್ಟೆ ತುಂಬ. ಆಮೇಲೆ ಒಂದು ಸಣ್ಣ ಮುದ್ದೆ, ಬಸ್ಸಾರು. ಮುದ್ದೆ ತಿಂದ ಹೊತ್ತಿಗೆ ಅನ್ನ ಇಲ್ಲ. ಉಪ್ಪಿನಕಾಯಿ, ಹಪ್ಪಳ ಮೇಜಿನ ಮೇಲೇ ಇರಕೂಡದು. ಉಪ್ಪು ಜಾಸ್ತಿ ಆದರೆ ಬಿಪಿ ಏರುತ್ತದೆ, ಮೈಯಲ್ಲಿ ನೀರೂ ನಿಲ್ಲುತ್ತದೆ.

ಬೆಳಗ್ಗೆ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ನಡೆಯುತ್ತೇನೆ. ಆದರೆ ನಡಿಗೆ ಒಂದೇ ಸಾಲದು. ಸ್ಟೀರಾಯ್ಡ್‌ಗೆ ತೊಡೆಯ ಬಲ ಇಳಿಯುತ್ತದೆ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು, ಮತ್ತೆ ಏಳುವುದು. ನೋಡಲು ಸುಲಭ, ಶುರುವಿನಲ್ಲಿ ತೊಡೆ ನಡುಗುತ್ತದೆ. ಮಾಡಿಸಿ.

ಪತಿಗೆ ಕಸಿ ಆಗಿದೆ, ಉಡುಪಿ

ಬಿಂಬುಳಿ ಜ್ಯೂಸ್ ದಯವಿಟ್ಟು ಬೇಡ. ಲೋಟಗಟ್ಟಲೆ ಹಿಂಡಿ ಕುಡಿದರೆ ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕಿಡ್ನಿಯಲ್ಲಿ ಹರಳಾಗಿ ಕೂರುತ್ತದೆ. ಕೇರಳದಲ್ಲಿ ಕೊಲೆಸ್ಟ್ರಾಲ್ ಇಳಿಯಲಿ ಅಂತ ಕುಡಿದವರ ಕಿಡ್ನಿ ಕೆಟ್ಟದ್ದನ್ನು ಅಲ್ಲಿನ ವೈದ್ಯರೇ ದಾಖಲಿಸಿದ್ದಾರೆ. ಪಾಲಕ್ ಹಾಕಿದ ಹಸಿರು ಜ್ಯೂಸ್ ಕೂಡ ಅಷ್ಟೇ.

ಚಕ್ಕೋತ ಹಣ್ಣು ತಿಂದರೆ ತೆಳ್ಳಗಾಗ್ತಾರೆ ಅಂತ ಯಾರಾದರೂ ಹೇಳಬಹುದು. ಅದು ರಕ್ತದಲ್ಲಿ ಟ್ಯಾಕ್ರೋಲಿಮಸ್ ಮಟ್ಟ ಏರಿಸುತ್ತದೆ. ಏರಿದರೆ ಆ ಮಾತ್ರೆಯೇ ಕಿಡ್ನಿಗೆ ಹಾನಿ ಮಾಡುತ್ತದೆ. ನಾವು ಮನೆಗೇ ತರುವುದಿಲ್ಲ. ಮೊಳಕೆ ಕಾಳನ್ನು ಹಸಿಯಾಗಿ ಕೊಡಬೇಡಿ, ಬೇಯಿಸಿ ಒಗ್ಗರಣೆ ಹಾಕಿ. ಇವರಿಗೆಲ್ಲ ರೋಗ ತಡೆಯುವ ಶಕ್ತಿಯನ್ನು ಮಾತ್ರೆ ಕೊಟ್ಟು ತಗ್ಗಿಸಿರುತ್ತಾರೆ, ಸೋಂಕು ಬೇಗ ಹತ್ತುತ್ತದೆ.

ಡಯಟೀಷಿಯನ್, ಬೆಂಗಳೂರು

58ಕ್ಕೆ ವಾಪಸ್ ಹೋಗಬೇಕು ಅಂತ ಹಟ ಬೇಡ. ಅದು ಕಾಯಿಲೆಯಲ್ಲಿ ಸೊರಗಿದ ತೂಕ. ಏರಿದ್ದರಲ್ಲಿ ಒಂದಷ್ಟು ಆರೋಗ್ಯ ಮರಳಿದ ಲೆಕ್ಕ. ಹೊಟ್ಟೆಗೆ ಟೇಪು ಹಿಡಿಯಿರಿ. ನಮ್ಮ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ದಾಟಬಾರದು. ತಿಂಗಳಿಗೆ ಒಂದೆರಡು ಕೆ.ಜಿ. ಇಳಿದರೆ ಸಾಕು.

ಕೀಟೋ, ಪ್ರೋಟೀನ್ ಪೌಡರ್ ಎರಡೂ ಬೇಡ. ಶುಗರ್ ಮಾತ್ರೆ ಶುರುವಾದರೆ ಉಪವಾಸದ ಮಾತೇ ಎತ್ತಬೇಡಿ. ತೂಕ, ಶುಗರ್ ಇಳಿಸುವ ಸೆಮಗ್ಲುಟೈಡ್, ಟಿರ್ಜೆಪಟೈಡ್ ಇಂಜೆಕ್ಷನ್ ಈಗ ನಮ್ಮಲ್ಲೂ ಸಿಗುತ್ತವೆ. ಕಸಿ ಆದ ಕೆಲವರಿಗೆ ಕೊಡುತ್ತಾರೆ ಕೂಡ. ಆದರೆ ವಾಂತಿ, ಭೇದಿ ಆಗಿ ಮೈಯಲ್ಲಿ ನೀರು ಕಮ್ಮಿಯಾದರೆ ಕ್ರಿಯಾಟಿನಿನ್ ಏರುತ್ತದೆ. ಕಿಡ್ನಿ ಡಾಕ್ಟರ್ (ನೆಫ್ರಾಲಜಿಸ್ಟ್) ಬರೆದುಕೊಟ್ಟರೆ ಮಾತ್ರ.

ಕೇಳಿದವರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ತೀನಿ. ಮೊನ್ನೆಯಿಂದ ಇವನ ತೂಕ ಎರಡು ಕೆ.ಜಿ. ಏರಿದೆ. ಕಾಲುಚೀಲದ ಗುರುತು ಆಳವಾಗಿ ಬೀಳುತ್ತಿದೆ. ಮದುವೆ ಊಟದ ಪರಿಣಾಮ ಅಂತ ಸುಮ್ನಿದ್ದೇವೆ.

ಕಸಿ ಮಾಡಿಸಿಕೊಂಡವರು, ಮೈಸೂರು

ಅಕ್ಕ, ಸುಮ್ನಿರಬೇಡಿ. ಎರಡು ದಿನದಲ್ಲಿ ಅಷ್ಟು ಕೊಬ್ಬು ಬರುವುದಿಲ್ಲ, ಅದು ನೀರು. ಕಿಡ್ನಿಗೆ ತೊಂದರೆ ಶುರುವಾದಾಗಲೂ ಹೀಗೇ ಆಗುತ್ತದೆ. ಈಗಲೇ ಬಿಪಿ ನೋಡಿ. ಮೂತ್ರ ಕಮ್ಮಿಯಾಗಿದೆಯಾ ಕೇಳಿ. ಕಸಿ ಮಾಡಿದ ಆಸ್ಪತ್ರೆಗೆ ಇವತ್ತೇ ಫೋನ್ ಮಾಡಿ.

ಕೇಳಿದವರು

ಮಾಡಿದೆ. ಬಿಪಿ 150 ಇದೆ, ಉಸಿರಾಟಕ್ಕೆ ತೊಂದರೆ ಇಲ್ಲ. ಆಸ್ಪತ್ರೆಯವರು ನಾಳೆ ಬೆಳಗ್ಗೆ ಬೇಗನೇ ಬನ್ನಿ, ರಾತ್ರಿ ಉಸಿರು ಕಟ್ಟಿದರೆ ಕಾಯದೆ ಎಮರ್ಜೆನ್ಸಿಗೆ ಬನ್ನಿ ಅಂದಿದ್ದಾರೆ. ಬೆಳಗಿನ ಟ್ಯಾಕ್ರೋಲಿಮಸ್ ಜೊತೆಗೆ ತನ್ನಿ, ರಕ್ತ ಕೊಟ್ಟ ಮೇಲೆ ತಗೊಳ್ಳಲಿ ಅಂತಲೂ ಹೇಳಿದರು. ಐದು ಗಂಟೆಗೆ ಹೊರಡುತ್ತಿದ್ದೇವೆ.