ಇಸಿಆರ್ ಮೊಹರಿಲ್ಲದ ಪಾಸ್‌ಪೋರ್ಟು: ನೆಮ್ಮದಿಯೋ, ತಲೆನೋವೋ?

ಶಿರ್ವದ ಟೀಚರ್:
ಅಣ್ಣನ ಮಗ ಐಟಿಐ ಮುಗಿಸಿದ ಎಲೆಕ್ಟ್ರಿಷಿಯನ್, ವಯಸ್ಸು 23. ಸೌದಿಯ ಜುಬೈಲಿನಲ್ಲಿ ಕೆಲಸವಿದೆಯೆಂದು ಮಂಗಳೂರಿನ ಏಜೆಂಟರೊಬ್ಬರು 1,40,000 ರೂಪಾಯಿ ಕೇಳಿದ್ದಾರೆ. 40,000 ಕೊಟ್ಟಾಗಿದೆ, ರಸೀದಿ ಇಲ್ಲ. ಕರಾರು ಪತ್ರ ಕೇಳಿದರೆ, "ಹುಡುಗ ಎಸ್‌ಎಸ್‌ಎಲ್‌ಸಿ ಪಾಸು, ಪಾಸ್‌ಪೋರ್ಟಿನಲ್ಲಿ ಇಸಿಆರ್ ಇಲ್ಲ, ಸರಕಾರ ಏನೂ ಕೇಳುವುದಿಲ್ಲ" ಎಂಬ ಉತ್ತರ. ಇಸಿಆರ್ ಎಂದರೆ ಕೆಲಸಕ್ಕೆ ಹೊರದೇಶಕ್ಕೆ ಹೋಗುವ ಮುನ್ನ ಸರಕಾರದ ಪರಿಶೀಲನೆ ಬೇಕೆಂಬ ಮೊಹರು, ಹತ್ತನೆಯದು ಪಾಸಾದವರಿಗೆ ಅದು ಬೀಳುವುದಿಲ್ಲ. ಹತ್ತನೆಯದೊಂದು ಪಾಸಾಗಿಬಿಡಿ ಎಂದು ಮೂವತ್ತು ವರ್ಷ ಮಕ್ಕಳ ಬೆನ್ನು ಹತ್ತಿದವಳು ನಾನು. ಸರಕಾರ ಏನೂ ಕೇಳದಿರುವುದು ಒಳ್ಳೆಯದೇ?

ಜುಬೈಲಿನಿಂದ ಮೂಲ್ಕಿಗೆ:
ಟೀಚರ್, ಅಲ್ಲಿ ಹತ್ತೊಂಬತ್ತು ವರ್ಷ ಇದ್ದವನು ಹೇಳುತ್ತಿದ್ದೇನೆ. ಮೊದಲು ವೀಸಾದ ಪ್ರತಿ ತರಿಸಿ, ಅದರಲ್ಲಿ ಕೆಲಸದ ಹೆಸರು ಏನಿದೆ ನೋಡಿ. ಅರಬಿಯಲ್ಲಿ "ಕಹ್ರಬಾಯಿ" ಎಂದಿದ್ದರೆ ಎಲೆಕ್ಟ್ರಿಷಿಯನ್. "ಆಮಿಲ್" ಎಂದಿದ್ದರೆ ಬರಿಯ ಕೂಲಿಯಾಳು. ಆಮೇಲೆ ಇಕಾಮಾದಲ್ಲಿಯೂ, ಅಂದರೆ ಅಲ್ಲಿನ ವಾಸದ ಪರವಾನಗಿಯಲ್ಲಿಯೂ, ಅದೇ ಬರುತ್ತದೆ. ಇಕಾಮಾದಲ್ಲಿ ಒಂದು, ಕೈಯಲ್ಲಿ ಇನ್ನೊಂದು ಕೆಲಸ ಇದ್ದವರು ತಪಾಸಣೆಯವರು ಬಂದ ದಿನ ಕ್ಯಾಂಪಿನ ಹಿಂಬಾಗಿಲು ಹುಡುಕುತ್ತಿದ್ದುದನ್ನು ನಾನು ಕಂಡಿದ್ದೇನೆ. ನಾನೂ ಒಮ್ಮೆ ಹುಡುಕಿದವನೇ.

2021ರ ಮಾರ್ಚ್‌ನಿಂದ ಅಲ್ಲಿ ಒಂದು ವರ್ಷ ದುಡಿದ ಮೇಲೆ ಕಫೀಲನ, ಅಂದರೆ ಕರೆಸಿಕೊಂಡ ಮಾಲೀಕನ, ಒಪ್ಪಿಗೆ ಇಲ್ಲದೆ ಕೆಲಸ ಬದಲಿಸಬಹುದು ನಿಜ. ಮನೆಗೆಲಸದವರಿಗೆ, ಮನೆ ಡ್ರೈವರುಗಳಿಗೆ ಅದು ಅನ್ವಯಿಸಲಿಲ್ಲ. ಅದಕ್ಕೂ ಮೊದಲು ಕೈಯಲ್ಲಿ ಸರಿಯಾದ ಕರಾರು ಇರಬೇಕಲ್ಲ?

ಇನ್ನು ಹಣದ ವಿಷಯ. ನೋಂದಾಯಿತ ಏಜೆಂಟ್ ಕೆಲಸಕ್ಕೆ ಹೋಗುವವನಿಂದ ಪಡೆಯಬಹುದಾದ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ, ಅದೂ ರಸೀದಿ ಕೊಟ್ಟು. ನಿಮ್ಮವರು ಮುಂಗಡದಲ್ಲಿಯೇ ಅದನ್ನು ದಾಟಿದ್ದಾರೆ! ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಂದಾಯಿತರ ಪಟ್ಟಿ ಇದೆ. ಹೆಸರು ಹುಡುಕಿ.

ಕೊಣಾಜೆಯ ವಿದ್ಯಾರ್ಥಿನಿ:
ನನ್ನ ಸಂಶೋಧನೆ ವಲಸೆಯ ಕುರಿತೇ ಆದ್ದರಿಂದ ಒಂದು ಮಾತು. 1983ರ ವಲಸೆ ಕಾಯ್ದೆಯ ವ್ಯವಸ್ಥೆಯಲ್ಲಿ ಕರಾರನ್ನು ಪರಿಶೀಲಿಸಿ ಅನುಮತಿ ಕೊಡುವುದು ಬಹುಮಟ್ಟಿಗೆ ಇಸಿಆರ್ ಇರುವವರಿಗೆ, 18 ದೇಶಗಳಿಗೆ ಹೋಗುವಾಗ ಮಾತ್ರ. ಹತ್ತನೆಯದು ಪಾಸಾದವನು ತನ್ನನ್ನು ತಾನೇ ನೋಡಿಕೊಳ್ಳುತ್ತಾನೆ ಎಂಬ ಭಾವನೆ. ಇಸಿಆರ್ ಇಲ್ಲದವರೂ ಹೊರಡುವ ಮುನ್ನ ನೋಂದಾಯಿಸಲೇಬೇಕೆಂದು 2018ರಲ್ಲಿ ಆದೇಶವಾಗಿತ್ತು. 2019ರ ಜನವರಿ 1ರಿಂದ ಜಾರಿಯಾಗಬೇಕಿದ್ದುದನ್ನು ವಿರೋಧ ಬಂದಾಗ ತಡೆಹಿಡಿದರು. ಸ್ವಇಚ್ಛೆಯ ನೋಂದಣಿ ಉಳಿಯಿತು, ಅದನ್ನು ಮಾಡಿಸಿ.

ನನ್ನ ಗೋಳೂ ಅದೇ. ಕೊಲ್ಲಿಗೆ ಹೋದವರೆಂದು ಸರಕಾರ ಕೊಡುವ ಅಂಕಿಗಳು ಬಹುಪಾಲು ಇಸಿಆರ್ ಅನುಮತಿಯವು. ನಮ್ಮ ಕರಾವಳಿಯ ಓದಿದ ಹುಡುಗರು ಅದರಲ್ಲಿ ಸಿಗುವುದೇ ಇಲ್ಲ. ಕೇರಳದಲ್ಲಿ 1998ರಿಂದ ಮನೆಮನೆಗೆ ಹೋಗಿ ವಲಸೆ ಸಮೀಕ್ಷೆ ಮಾಡುತ್ತಾ ಬಂದಿದ್ದಾರೆ. ಇಲ್ಲಿ ಎಷ್ಟು ಮಂದಿ ಎಂದು ನನ್ನ ಮಾರ್ಗದರ್ಶಕರು ಕೇಳಿದಾಗ ನಾನು ಬಜ್ಪೆಯ ವಿಮಾನಗಳನ್ನು ಎಣಿಸಬೇಕಷ್ಟೆ.

ಜುಬೈಲಿನಿಂದ ಮೂಲ್ಕಿಗೆ:
ನನ್ನನ್ನು ಒಬ್ಬನೆಂದು ಬರೆದುಕೊಳ್ಳಿ ತಂಗಿ.

ಶಿರ್ವದ ಟೀಚರ್:
ಪಟ್ಟಿಯಲ್ಲಿ ಆ ಹೆಸರಿಲ್ಲ. ವೀಸಾದ ಪ್ರತಿ ನಿನ್ನೆ ರಾತ್ರಿ ಮೊಬೈಲಿಗೆ ಬಂತು. ಪಕ್ಕದ ಮನೆಯ ಮದರಸಾ ಉಸ್ತಾದರು ಕನ್ನಡಕ ಏರಿಸಿ ಓದಿದರು: "ಆಮಿಲ್." ಹುಡುಗ ಅರ್ಧ ಗಂಟೆ ಮಾತನಾಡಲಿಲ್ಲ. ಇವತ್ತು ಬೆಳಗ್ಗಿನ ಬಸ್ಸಿಗೆ ಇಬ್ಬರೂ ಮಂಗಳೂರಿಗೆ ಹೊರಟಿದ್ದೇವೆ, 40,000 ವಾಪಸು ಕೇಳಲು. ಮಾತು ನಾನೇ ಆಡುತ್ತೇನೆ ಎಂದಿದ್ದೇನೆ.