ಮೂರು ನಿಮಿಷದ ಅನಿಮೇಷನ್, ಐದು ಜನ, ಆಗಿರುವುದು 22 ಸೆಕೆಂಡ್. ಏನು ಮಾಡೋಣ?

ಮಂಡಕ್ಕಿ_ಹುಡುಗಿ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಅನಿಮೇಷನ್ ಮಾಡಿ ಕೈ ಸುಟ್ಟುಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ.

ನಾನು ಕೊನೆ ವರ್ಷದ ಡಿಗ್ರಿ ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ಐದೈದು ಜನ ಸೇರಿ ಮೂರು ನಿಮಿಷದ ಅನಿಮೇಷನ್ ಚಿತ್ರ ಮಾಡಿ ಕೊಡಬೇಕು. ಮೊದಲ ದಿನ ಬೆಣ್ಣೆ ದೋಸೆ ತಿನ್ನುತ್ತಾ ಕೂತು ಹತ್ತೇ ನಿಮಿಷದಲ್ಲಿ ಕಥೆ ತೀರ್ಮಾನ ಮಾಡಿಬಿಟ್ಟೆವು. ಒನಕೆ ಓಬವ್ವ, ತ್ರೀಡಿಯಲ್ಲಿ. ಏಳು ಸುತ್ತಿನ ಕೋಟೆ, ಕುದುರೆ, ಹೈದರಾಲಿಯ ಸೈನ್ಯ, ಎಲ್ಲಾ ಬೇಕು. ದೋಸೆ ಚೆನ್ನಾಗಿತ್ತು. ತೀರ್ಮಾನ ಚೆನ್ನಾಗಿರಲಿಲ್ಲ.

ತ್ರೀಡಿ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತದೆ, ಅದನ್ನೇ ಹಾಕಿಕೊಂಡೆವು. ಐದು ಜನಕ್ಕೆ ಲ್ಯಾಪ್‌ಟಾಪ್ ಇರುವುದು ಎರಡು. ಅದರಲ್ಲಿ ಒಂದಕ್ಕೆ ರ‍್ಯಾಮ್ ಬರೀ 4 ಜಿಬಿ. ಕೋಟೆ ಗೋಡೆ ಕಟ್ಟಿ, ಕಲ್ಲಿನ ಬಣ್ಣ ಹಚ್ಚಿ, ಬಿಸಿಲು ಹಾಕಿ ರೆಂಡರ್‌ಗೆ, ಅಂದರೆ ಕಂಪ್ಯೂಟರ್ ಕೊನೆಯ ಚಿತ್ರ ತಯಾರಿಸಲು ಬಿಟ್ಟರೆ, ಒಂದು ಫ್ರೇಮ್‌ಗೆ (ಒಂದು ಬಿಡಿ ಚಿತ್ರಕ್ಕೆ) ಆರು ನಿಮಿಷ ತಗೊಂಡಿತು. ಮೊನ್ನೆ ರಾತ್ರಿ ನಿದ್ದೆ ಬಾರದೆ ಲೆಕ್ಕ ಹಾಕಿದೆ. ಸೆಕೆಂಡಿಗೆ 24 ಫ್ರೇಮ್ ಅಂದರೆ ಮೂರು ನಿಮಿಷಕ್ಕೆ 4,320. ಒಂದೊಂದಕ್ಕೆ ಆರು ನಿಮಿಷ ಅಂದರೆ 432 ಗಂಟೆ. ಹಗಲೂ ರಾತ್ರಿ ನಿಲ್ಲಿಸದೆ ಓಡಿಸಿದರೆ 18 ದಿನ. ನಮ್ಮ ಏರಿಯಾದಲ್ಲಿ 18 ಗಂಟೆ ಕರೆಂಟ್ ಹೋಗದೆ ಇದ್ದರೆ ಅದೇ ಸುದ್ದಿ.

ಸದ್ಯಕ್ಕೆ 22 ಸೆಕೆಂಡ್ ಆಗಿದೆ. ಅದರಲ್ಲಿ ಓಬವ್ವ ಕೊಡ ಹಿಡಿದು ನಡೆದು ಹೋಗುತ್ತಾಳೆ. ನಡೆಯುತ್ತಾಳೆ ಅನ್ನುವುದು ಸುಳ್ಳು, ಎಣ್ಣೆ ಚೆಲ್ಲಿದ ನೆಲದ ಮೇಲೆ ಜಾರಿಕೊಂಡು ಹೋಗುತ್ತಾಳೆ. ಕಾಲು ಒಂದು ಕಡೆ, ನೆಲ ಒಂದು ಕಡೆ.

ಇನ್ನು ಐದು ವಾರ ಇದೆ. ನನಗೊಂದು ಬೇರೆ ಯೋಚನೆ ಬಂದಿದೆ. ನಿಜವಾದ ಮಂಡಕ್ಕಿ ಕಾಳುಗಳನ್ನೇ ಮೇಜಿನ ಮೇಲೆ ಇಟ್ಟು, ಒಂದೊಂದೇ ಸರಿಸುತ್ತಾ ಫೋಟೊ ತೆಗೆದು ಸ್ಟಾಪ್ ಮೋಷನ್ ಮಾಡೋಣ ಅಂತ. ಭಟ್ಟಿಯ ಕಾದ ಮರಳಿನಲ್ಲಿ ಎಲ್ಲಾ ಕಾಳೂ ಅರಳುತ್ತವೆ, ಒಂದು ಮಾತ್ರ ಅರಳುವುದಿಲ್ಲ. ಆಮೇಲೆ ಅದರ ಗತಿ ಏನು? ಇಷ್ಟೇ ಕಥೆ. ಗುಂಪಿನಲ್ಲಿ ಹೇಳಿದರೆ "ಮಂಡಕ್ಕಿ ತಿನ್ನೋದಕ್ಕೆ ಕಣೇ, ನೋಡೋದಕ್ಕಲ್ಲ" ಅಂದರು. ಚಿತ್ರ ಬರೆಯುವವಳು ನಾನೊಬ್ಬಳೇ. ಇಬ್ಬರು ಎರಡು ವಾರದಿಂದ ಫೋನೇ ಎತ್ತುತ್ತಿಲ್ಲ.

ಓಬವ್ವನನ್ನು ಇಲ್ಲಿಗೇ ಬಿಡಬೇಕಾ? ಅಥವಾ ಹೇಗಾದರೂ ಎಳೆದು ಮುಗಿಸಬೇಕಾ?

ಶಾರ್ಟ್‌ಕಟ್_ಶಿವು

ಇಷ್ಟಕ್ಕೆಲ್ಲಾ ಯಾಕೆ ತಲೆ ಕೆಡಿಸಿಕೊಳ್ಳುತ್ತೀರಿ? ಎಐಗೆ ಹೇಳಿ, ಅರ್ಧ ಗಂಟೆಯಲ್ಲಿ ಮಾಡಿ ಕೊಡುತ್ತದೆ.

ಮಂಡಕ್ಕಿ_ಹುಡುಗಿ

ಅದನ್ನೂ ನೋಡಿ ಆಯಿತು ಶಿವು ಅವರೇ. ಒನಕೆ ಕೇಳಿದರೆ ಕ್ರಿಕೆಟ್ ಬ್ಯಾಟ್ ಥರದ್ದು ಕೊಟ್ಟಿತು. ಓಬವ್ವ ನೋಡೋಕೆ ಜಿಮ್ಮಿಂದ ಬಂದವಳ ಹಾಗಿದ್ದಳು. ಅದೂ ಅಲ್ಲದೆ ವೈವಾದಲ್ಲಿ ಸ್ಟೋರಿಬೋರ್ಡ್ (ಒಂದೊಂದು ಶಾಟ್‌ಗೂ ಮೊದಲೇ ಬರೆದಿಟ್ಟ ಚಿತ್ರಗಳು) ತೋರಿಸಿ, ಯಾವ ಶಾಟ್ ಯಾರು ಮಾಡಿದ್ದು ಅಂತ ಹೇಳಬೇಕು.

ಕಲ್ಲಿನಕೋಟೆಯವನು, ಚಿತ್ರದುರ್ಗ

ತಂಗಿ, ನಿನ್ನ 18 ದಿನದ ಲೆಕ್ಕ ಓದಿ ನಗು ಬಂತು, ಹೊಟ್ಟೆಯೂ ಉರಿಯಿತು. ನಾವೂ ಇದೇ ಓಬವ್ವನನ್ನು ಹಿಡಿದು ಒದ್ದಾಡಿದವರು. ಈಗ ನಾನು ಫೋಟೊ ಸ್ಟುಡಿಯೋದಲ್ಲಿ ಮದುವೆ ಆಲ್ಬಂ ಮಾಡುತ್ತೇನೆ. ಆಗ ನಾಲ್ಕು ಜನ ಇದ್ದೆವು. ನಾಲ್ಕು ನಿಮಿಷ ಅಂತ ಶುರು ಮಾಡಿದ್ದು ಕೊನೆಗೆ 95 ಸೆಕೆಂಡಿಗೆ ಬಂದು ನಿಂತಿತು. ನೋಡಿದವರು ಯಾರೂ ಚಿಕ್ಕದಾಯಿತು ಅನ್ನಲಿಲ್ಲ.

ಮೊದಲು ಕಥೆ ವಿಷಯ. ಓಬವ್ವನ ಕಥೆಗೆ ಸೈನ್ಯ ಯಾಕೆ ಬೇಕು ಹೇಳು? ಊಟಕ್ಕೆ ಬಂದ ಗಂಡನಿಗೆ ನೀರು ತರಲು ಹೋದವಳು ಅವಳು. ಕಿಂಡಿಯಲ್ಲಿ ಒಬ್ಬೊಬ್ಬರೇ ನುಸುಳಿ ಬರುವುದನ್ನು ಕಂಡಳು, ಒನಕೆ ತಂದು ನಿಂತಳು. ಕಿಂಡಿ ನೋಡಿದ್ದೀಯಲ್ಲಾ, ಒಬ್ಬ ಮೈ ಮುದುರಿಕೊಂಡು ತೂರಬೇಕು. ಅಂದರೆ ಒಂದು ಸಲಕ್ಕೆ ಒಂದು ತಲೆ. ಬಡವರ ಅನಿಮೇಷನ್‌ಗೆ ಇದಕ್ಕಿಂತ ಒಳ್ಳೆ ಕಥೆ ಇಲ್ಲ! ನಾವು ಮಾಡಿದ್ದು ಒಂದೇ ತಲೆ, ನಾಲ್ಕು ಪೇಟ. ಪೇಟ ಬದಲಾಯಿಸಿದರೆ ಬೇರೆ ಸೈನಿಕ. ಹೊಡೆಯುವುದನ್ನು ತೋರಿಸಲೇ ಇಲ್ಲ. ಕಿಂಡಿಯಲ್ಲಿ ತಲೆ ಬರುತ್ತದೆ, ಓಬವ್ವನ ಕಣ್ಣು, ಒನಕೆ ಸದ್ದು, ಕೊಡದ ನೀರು ತುಳುಕುತ್ತದೆ. ಅಷ್ಟೇ. ಸದ್ದಿಗೆ ನಮ್ಮಜ್ಜಿಯ ಒನಕೆ ತಂದು ಜೋಳದ ಚೀಲಕ್ಕೆ ಕುಟ್ಟಿದೆವು. ಅಜ್ಜಿ ಬೈದದ್ದೂ ರೆಕಾರ್ಡ್ ಆಗಿದೆ, ಇನ್ನೂ ಇಟ್ಟುಕೊಂಡಿದ್ದೇನೆ.

ಗೊಂಬೆಗಳನ್ನು ಹಳೆ ಲಗ್ನಪತ್ರಿಕೆ ರಟ್ಟಿನಿಂದ ಕತ್ತರಿಸಿದೆವು. ಭುಜ, ಮೊಣಕೈ, ಕುತ್ತಿಗೆ ಮೂರೇ ಕೀಲು, ದಾರದ ಗಂಟು. ತೊಗಲು ಗೊಂಬೆ ಆಟ ನೋಡಿದ್ದರೆ ಗೊತ್ತಿರುತ್ತದೆ. ಮುಖದಲ್ಲಿ ಏನೂ ಅಲ್ಲಾಡುವುದಿಲ್ಲ, ಆದರೂ ಕೈ ಎತ್ತಿದ ಕೂಡಲೇ ಅದು ಸಿಟ್ಟೋ ಅಳುವೋ ನಮಗೆ ತಿಳಿಯುತ್ತದೆ.

ಈಗ ನಿನ್ನ ಮಂಡಕ್ಕಿಗೆ ಬರೋಣ. ಅದನ್ನೇ ಮಾಡು. ಆದರೆ ಸೆಕೆಂಡಿಗೆ 24 ಫೋಟೊ ತೆಗೆಯಲು ಹೋಗಬೇಡ. 12 ತೆಗೆದು, ಒಂದೊಂದನ್ನು ಎರಡೆರಡು ಫ್ರೇಮ್ ನಿಲ್ಲಿಸು. ಕಣ್ಣಿಗೆ ಸಾಕು. ನಮ್ಮ 95 ಸೆಕೆಂಡಿಗೆ 1,140 ಆಗಬೇಕಿತ್ತು. ಓಬವ್ವ ಸುಮ್ನೆ ನಿಂತು ಕಿವಿಗೊಡುವ ಜಾಗದಲ್ಲಿ ಒಂದೇ ಫೋಟೊ ಎಳೆದದ್ದರಿಂದ ಸುಮಾರು 700ಕ್ಕೆ ಮುಗಿಯಿತು.

ಬೆಳಕಿನ ವಿಷಯದಲ್ಲಿ ನಾವು ಮಾಡಿದ ತಪ್ಪು ನೀನು ಮಾಡಬೇಡ. ಕಿಟಕಿ ಪಕ್ಕ ಕೂತು ಮಧ್ಯಾಹ್ನವೆಲ್ಲಾ ತೆಗೆದೆವು. ಓಡಿಸಿ ನೋಡಿದರೆ ನಾಲ್ಕು ಸೆಕೆಂಡಿನಲ್ಲಿ ಬೆಳಗಾಗಿ ಸಂಜೆಯಾಯಿತು. ಕಿಟಕಿಗೆ ದಪ್ಪ ಬಟ್ಟೆ ಕಟ್ಟಿ, ಎರಡು ಟೇಬಲ್ ಲ್ಯಾಂಪ್ ಇಡು. ಮೊಬೈಲ್ ಕ್ಯಾಮೆರಾದಲ್ಲಿ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಛಾಯೆ) ಮೂರನ್ನೂ ಲಾಕ್ ಮಾಡು. ಆಟೊದಲ್ಲಿ ಬಿಟ್ಟರೆ ಪ್ರತಿ ಫೋಟೊಗೂ ಅದರದೇ ಲೆಕ್ಕ, ಚಿತ್ರ ಮಿಣಮಿಣ ಅನ್ನುತ್ತದೆ. ಎಲ್‌ಇಡಿ ಬಲ್ಬ್ ಆದರೆ ಶಟರ್ 1/50 ಸೆಕೆಂಡ್ ಇಡು, ಯಾಕೆಂದರೆ ನಮ್ಮ ಕರೆಂಟು 50 ಹರ್ಟ್ಸ್, ಬಲ್ಬಿನ ಬೆಳಕೂ ಅದಕ್ಕೆ ತಕ್ಕ ಹಾಗೆ ಮಿನುಗುತ್ತದೆ. ಬಟನ್ ಒತ್ತುವಾಗ ಫೋನ್ ಅಲುಗುತ್ತದೆ, ಅದಕ್ಕೆ ವೈರ್ ಇರುವ ಇಯರ್‌ಫೋನ್ ಚುಚ್ಚಿ ಅದರ ವಾಲ್ಯೂಮ್ ಬಟನ್ ಒತ್ತು. ಇನ್ನೊಂದು, ಬಿಳಿ ಅಂಗಿ ಹಾಕಿಕೊಂಡು ಕೂರಬೇಡ. ನೀನು ಬಗ್ಗಿದಾಗೆಲ್ಲಾ ಅದರ ಬೆಳಕು ಮೇಜಿನ ಮೇಲೆ ಬೀಳುತ್ತದೆ. ಇದು ತಿಳಿಯಲು ನಮಗೆ ಎರಡು ರಾತ್ರಿ ಬೇಕಾಯಿತು. ಫ್ಯಾನ್ ಅಂತೂ ಹಾಕುವ ಹಾಗೇ ಇಲ್ಲ. ಏಪ್ರಿಲ್ ತಿಂಗಳ ದುರ್ಗದಲ್ಲಿ, ಬಾಗಿಲು ಹಾಕಿದ ರೂಮಿನಲ್ಲಿ, ಕಪ್ಪು ಅಂಗಿ ಹಾಕಿಕೊಂಡು ಕೂತ ನಾಲ್ಕು ಜನರನ್ನು ನೆನೆಸಿಕೋ.

ಫೋಟೊಗಳನ್ನು ಅವತ್ತವತ್ತೇ ಎರಡು ಕಡೆ ಕಾಪಿ ಮಾಡಿಡು. ನಮ್ಮ ಗೆಳೆಯನ ತಮ್ಮ ಗೇಮ್ ಹಾಕಲು ಜಾಗ ಸಾಲದೆ "ಒಂದೇ ಥರದ ಫೋಟೊ ಎಷ್ಟೊಂದು ಇವೆ" ಅಂತ 160 ಫೋಟೊ ಡಿಲೀಟ್ ಮಾಡಿದ್ದ. ಹುಡುಗನ ತಪ್ಪೇನೂ ಇಲ್ಲ, ನಿಜಕ್ಕೂ ಒಂದೇ ಥರ ಇದ್ದವು.

ಧ್ವನಿ ರೆಕಾರ್ಡ್ ಮಾಡಲು ಕೋಟೆ ಮೇಲೆ ಹೋಗಿದ್ದೆವು. ಗಾಳಿ ಬಿಟ್ಟು ಬೇರೇನೂ ಸಿಗಲಿಲ್ಲ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿದ್ದಾರಾ! ಕೊನೆಗೆ ಮನೆಯಲ್ಲೇ ಚಳ್ಳಕೆರೆ ಕಂಬಳಿ ಹೊದ್ದು, ಒಳಗೆ ಕೂತು ಮಾತಾಡಿದೆವು. ಆ ಕಂಬಳಿ ಮುಂದೆ ಸ್ಟುಡಿಯೋ ಏನೂ ಅಲ್ಲ. ಆದರೆ ಒಳಗೆ ಐದು ನಿಮಿಷಕ್ಕಿಂತ ಜಾಸ್ತಿ ಇರಲಾಗದು.

ಡ್ರಾಯಿಂಗ್_ಮೇಷ್ಟ್ರು, ಹರಿಹರ

ತಂಗೆಮ್ಮ, ದುರ್ಗದವರು ಕ್ಯಾಮೆರಾ ವಿಷಯ ಎಲ್ಲಾ ಹೇಳಿದ್ದಾರೆ. ನಾನು 31 ವರ್ಷ ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿದವನು. ಅನಿಮೇಷನ್ ನನಗೆ ಬಾರದು. ಗುಂಪಿನ ಕೆಲಸ ಮಾತ್ರ ಚೆನ್ನಾಗಿ ಗೊತ್ತು. ಗಣೇಶನ ಹಬ್ಬದ ಮಂಟಪ ಎಷ್ಟು ಕಟ್ಟಿಸಿದ್ದೇನೋ ಲೆಕ್ಕವಿಲ್ಲ.

ಒಂದು ಕೇಳುತ್ತೇನೆ, ಬೇಜಾರಾಗಬೇಡ. ಫೋನ್ ಎತ್ತದ ಆ ಇಬ್ಬರಿಗೆ ನೀವು ಕೊಟ್ಟಿದ್ದ ಕೆಲಸ ಯಾವುದು? "ಎಲ್ಲರೂ ಸೇರಿ ಮಾಡೋಣ" ಅಂದಿದ್ದರೆ ಅದು ಕೆಲಸ ಕೊಟ್ಟ ಹಾಗಲ್ಲ. ಚಿತ್ರ ಬರೆಯಲು ಬಾರದವನು ಎರಡು ಸಲ ಬಂದು, ನಿನ್ನ ಪಕ್ಕ ಕೈಕಟ್ಟಿ ಕೂತು, ಮೂರನೇ ಸಲ ಬರುವುದಿಲ್ಲ. ನಾಚಿಕೆ ಅವನಿಗೆ. ಮಂಡಕ್ಕಿ ಸರಿಸಲು ಚಿತ್ರ ಬರೆಯಲು ಬರಬೇಕಾ? ಒಬ್ಬ ಸರಿಸಲಿ, ಒಬ್ಬ ಬಟನ್ ಒತ್ತಲಿ, ಒಬ್ಬ ಹಾಳೆಯಲ್ಲಿ ಎಷ್ಟನೇ ಫೋಟೊ, ಯಾವ ಕಾಳು ಎಲ್ಲಿತ್ತು ಅಂತ ಬರೆಯಲಿ. ಸದ್ದು ಒಬ್ಬರ ಜವಾಬ್ದಾರಿ, ಜೋಡಿಸುವುದು ಇನ್ನೊಬ್ಬರದು. ಹೆಸರು ಬರೆದು ಗೋಡೆಗೆ ಅಂಟಿಸಿ.

ಫೋಟೊ ತೆಗೆಯುವ ಮೊದಲು ಕಥೆಯನ್ನು ಚೀಟಿಗಳಲ್ಲಿ ಗೀಚಿ, ಚೀಟಿಗಳ ಫೋಟೊ ಜೋಡಿಸಿ ಮೊಬೈಲಿನಲ್ಲಿ ಓಡಿಸಿ ನೋಡಿ. ಅದಕ್ಕೇ ಅನಿಮ್ಯಾಟಿಕ್ ಅನ್ನುತ್ತಾರಂತೆ, ಮೊಮ್ಮಗಳು ಹೇಳಿದಳು. ಬೇಸರ ಬರುವ ಜಾಗ ಅಲ್ಲೇ ಸಿಗುತ್ತದೆ. ಚೀಟಿ ಹರಿದರೆ ಯಾರಿಗೂ ನೋವಾಗದು, ಎರಡು ರಾತ್ರಿ ಕೂತು ತೆಗೆದದ್ದನ್ನು ಕತ್ತರಿಸಲು ಯಾರೂ ಒಪ್ಪುವುದಿಲ್ಲ.

ಸಿನಿಮಾ ಹಾಡು ಹಾಕಬೇಡಿ. ಯೂಟ್ಯೂಬಿಗೆ ಏರಿಸಿದಾಗ ಹಕ್ಕಿನ ತಕರಾರು ಬರುತ್ತದೆ.

ಮಂಡಕ್ಕಿ_ಹುಡುಗಿ (ಒಂದು ವಾರದ ನಂತರ)

ಮೇಷ್ಟ್ರೇ, ನಿಮ್ಮ ಮಾತು ಓದಿದಾಗ ಮೊದಲು ಸಿಟ್ಟು ಬಂತು. ಆಮೇಲೆ ಹೋಗಿ ವಾಟ್ಸಾಪ್ ಗ್ರೂಪ್ ನೋಡಿದೆ. ನಾನು ಆ ಇಬ್ಬರಿಗೆ ಕೊನೆಯದಾಗಿ ಬರೆದದ್ದು "ನಿಮಗೆ ಬರಲ್ಲ, ಬಿಡಿ, ನಾನೇ ಮಾಡ್ತೀನಿ" ಅಂತ ಇತ್ತು.

ಒಬ್ಬನ ಮನೆಗೇ ಹೋದೆವು. ಅವನು ಸಂಜೆ ಹೊತ್ತು ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾನೆ, ಅದು ನಮಗೆ ಯಾರಿಗೂ ಗೊತ್ತೇ ಇರಲಿಲ್ಲ. ಈಗ ಬೆಳಗ್ಗೆ ಆರರಿಂದ ಒಂಬತ್ತು ನಮ್ಮ ಶೂಟಿಂಗ್. ಅವನೇ ಸದ್ದಿನವನು. ಅವರಮ್ಮನ ಜರಡಿ ತಂದು ಮರಳು ಅಲ್ಲಾಡಿಸಿ ಮಳೆ ಸದ್ದು ಮಾಡಿದ. ಕಣ್ಣು ಮುಚ್ಚಿ ಕೇಳಿದರೆ ಮಳೆಯೇ. ಇನ್ನೊಬ್ಬ ಫೋಟೊ ಲೆಕ್ಕ ಬರೆಯುತ್ತಾನೆ. ಅವನ ಅಕ್ಷರ ನಮ್ಮೆಲ್ಲರಿಗಿಂತ ಚೆನ್ನಾಗಿದೆ.

ಗೈಡ್ ಹತ್ತಿರ ಚೀಟಿ ಸಿನಿಮಾ ತೋರಿಸಿದೆವು. ಮಾಡಿದವರ ಹೆಸರುಗಳೂ ಸೇರಿ ಎರಡು ನಿಮಿಷ ಸಾಕು ಅಂದರು. ಹೆಸರಿಗೆ 20 ಸೆಕೆಂಡ್ ಹೋದರೆ 100 ಸೆಕೆಂಡ್, ಅಂದರೆ 1,200 ಫೋಟೊ. ಕಲ್ಲಿನಕೋಟೆ ಅಣ್ಣಾ, ಲಾಕ್ ಮಾಡಿದ ಮೇಲೆ ಮಿಣಮಿಣ ಪೂರ್ತಿ ನಿಂತಿತು. ಕಪ್ಪು ಅಂಗಿ ಐದೂ ಜನಕ್ಕೆ ಸಿಕ್ಕಿತು.

ಈಗ ಹೊಸ ಗೋಳು. ರಾತ್ರಿ ಮೇಜಿನ ಮೇಲೆ ಬಿಟ್ಟ ಮಂಡಕ್ಕಿ ಬೆಳಗ್ಗೆಗೆ ಮೆತ್ತಗಾಗಿ ಮುದುಡಿರುತ್ತದೆ. ನಿನ್ನೆಯ ಕಾಳಿಗೂ ಇವತ್ತಿನ ಕಾಳಿಗೂ ಹೋಲಿಕೆಯೇ ಇಲ್ಲ. ನಿನ್ನೆ ಅಂತೂ ಇರುವೆಗಳು ಬಂದು ಮುಖ್ಯ ಪಾತ್ರವನ್ನೇ ಹೊತ್ತುಕೊಂಡು ಹೋಗುತ್ತಿದ್ದವು. ಅರ್ಧ ದಾರಿಯಲ್ಲಿ ಹಿಡಿದೆವು. ಏನಾದರೂ ಉಪಾಯ ಇದೆಯಾ?

ಭಟ್ಟಿ_ಮನೆಯವನು, ದಾವಣಗೆರೆ

ಅಕ್ಕಾ, ನಮ್ಮಪ್ಪ ಮಂಡಕ್ಕಿ ಭಟ್ಟಿಯಲ್ಲೇ ಕೆಲಸ ಮಾಡುವುದು. ಮೆತ್ತಗಾದ ಮಂಡಕ್ಕಿಯನ್ನು ಬಾಣಲೆಯಲ್ಲಿ ಸಣ್ಣ ಉರಿಗೆ ಬೆಚ್ಚಗೆ ಮಾಡಿ, ಗರಿಗರಿ ಆಗುತ್ತದೆ. ಆದರೆ ನಿಮ್ಮ ಹೀರೋ ಕಾಳನ್ನು ಬಾಣಲೆಗೆ ಹಾಕಬೇಡಿ, ಗುರುತು ಸಿಗುವುದಿಲ್ಲ. ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಇಡಿ. ಒಂದೇ ಅಳತೆಯ ಹತ್ತಿಪ್ಪತ್ತು ಕಾಳು ಮೊದಲೇ ಆರಿಸಿ ಇಟ್ಟುಕೊಳ್ಳಿ, ಒಂದು ಹೋದರೆ ಇನ್ನೊಂದು. ಇರುವೆಗೆ ಮೇಜಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಟ್ಟರೆ ಆಯಿತು.

ಆದರೆ ಒಂದು ಅನುಮಾನ. ಕಾಳು ಅರಳುವುದನ್ನು ಎಷ್ಟು ಹೊತ್ತು ತೋರಿಸುತ್ತಿದ್ದೀರಿ?

ಮಂಡಕ್ಕಿ_ಹುಡುಗಿ

ಎಂಟು ಸೆಕೆಂಡ್ ಇಟ್ಟಿದ್ದೇವೆ. ಮೊಗ್ಗು ಬಿರಿದ ಹಾಗೆ ನಿಧಾನಕ್ಕೆ. ಕಡಿಮೆ ಆಯಿತಾ?

ಭಟ್ಟಿ_ಮನೆಯವನು

ಅಯ್ಯೋ ಅಕ್ಕಾ, ಅದು ಹೂವಲ್ಲ! ಉಪ್ಪುನೀರು ಬೆರೆಸಿ ಒಣಗಿಸಿದ ಅಕ್ಕಿ ಅದು. ಕಾದ ಮರಳಿಗೆ ಬಿದ್ದು ಒಂದೆರಡು ಸಲ ತಿರುವುವಷ್ಟರಲ್ಲಿ ಚಟಪಟ ಅಂದು ಎಲ್ಲಾ ಒಟ್ಟಿಗೆ ಅರಳಿಬಿಡುತ್ತದೆ. ಕಣ್ಣು ಮಿಟುಕಿಸಿದರೆ ತಪ್ಪಿಹೋಯಿತು. ಒಂದು ಕಾಳಿಗೆ ಮೂರು ಫೋಟೊ ಸಾಕು. ಅಕ್ಕಿ, ಸ್ವಲ್ಪ ಉಬ್ಬಿದ್ದು, ಮಂಡಕ್ಕಿ. ಕೂಡಲೇ ಜರಡಿಗೆ ಸುರಿಯುತ್ತಾರೆ, ಮರಳು ಕೆಳಗೆ, ಮಂಡಕ್ಕಿ ಮೇಲೆ. ಅರಳದ ಕಾಳು ಚಿಕ್ಕದಲ್ವಾ, ಅದು ಮರಳಿನ ಜೊತೆ ಕೆಳಗೆ ಬಿದ್ದರೂ ಬಿತ್ತು. ಮತ್ತೆ ಅದೇ ಮರಳು ಕಾಯುತ್ತದೆ, ಅದು ಅಲ್ಲೇ ಕಪ್ಪಾಗುತ್ತದೆ.

ಭಾನುವಾರ ಬೆಳಗ್ಗೆ ಬನ್ನಿ, ಅಪ್ಪನಿಗೆ ಹೇಳಿರುತ್ತೇನೆ. ಹೊಗೆ ಜಾಸ್ತಿ, ಕರ್ಚೀಫ್ ತನ್ನಿ.

ಮಂಡಕ್ಕಿ_ಹುಡುಗಿ

ನಮ್ಮ ಚೀಟಿಯಲ್ಲಿ ಅದನ್ನು ಕೊನೆಗೆ ಗುಬ್ಬಿ ಬಂದು ತಿನ್ನುತ್ತಿತ್ತು. ಮರಳಿನ ಜೊತೆ ಮತ್ತೆ ಬಾಣಲೆಗೇ ಹೋಗುತ್ತದೆ ಅಂದರೆ ಕಥೆಯೇ ಬೇರೆ ಆಯಿತಲ್ಲ. ಗುಂಪಿನಲ್ಲಿ ಈಗಷ್ಟೇ ಹಾಕಿದೆ. ಮೂವರು ಗುಬ್ಬಿ ಬೇಡ ಅನ್ನುತ್ತಿದ್ದಾರೆ, ಒಬ್ಬ ಗುಬ್ಬಿಯ ಸದ್ದು ಆಗಲೇ ರೆಕಾರ್ಡ್ ಆಗಿದೆ ಅಂತ ಜಗಳಕ್ಕೆ ನಿಂತಿದ್ದಾನೆ.

ಅರಳುವ ಎಂಟು ಸೆಕೆಂಡ್ ಹೋಯಿತು, 96 ಫೋಟೊ ಉಳಿಯಿತು. ಭಾನುವಾರ ಐದೂ ಜನ ಬರುತ್ತೇವೆ ತಮ್ಮಾ. ಚಟಪಟ ಸದ್ದಿಗೆ ಮೊಬೈಲ್ ಎಷ್ಟು ಹತ್ತಿರ ಹಿಡಿಯಬಹುದು ಅಂತ ಅಪ್ಪನನ್ನು ಕೇಳಿಡು, ಅದು ನನ್ನ ಫೋನಲ್ಲ.